ಸಕ್ಕರೆಯ ಅಂಕಿಯಾಚೆಗಿನ ತಾಯಿ

ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಹೆಂಗಸರ ಚಿಕಿತ್ಸೆಯಲ್ಲಿ ದೇಹದಷ್ಟೇ ಮನಸ್ಸಿಗೂ ಪಾಲುಂಟೆಂದು ವೈದ್ಯಲೋಕ ಇಂದು ಒಪ್ಪುತ್ತದೆ. ಅದು ಹಲವರಿಗೆ ಹುಡುಗಾಟಿಕೆಯಾಗಿ ತೋರುತ್ತಿದ್ದ ಕಾಲದಲ್ಲಿ, ಹೆರಿಗೆ ಆಸ್ಪತ್ರೆಯೊಂದರ ಇಕ್ಕಟ್ಟಾದ ಕೋಣೆಯಲ್ಲಿ ಅದನ್ನು ಆಚರಣೆಗೆ ತಂದವರು, ಈಗ ನಿವೃತ್ತರಾಗುತ್ತಿರುವ ಈ ಹಿರಿಯ ವೈದ್ಯೆ. ಶಿಷ್ಯರು ಅವರನ್ನು ‘ದೊಡ್ಡಮ್ಮ’ ಎನ್ನುವುದು ಬೆನ್ನ ಹಿಂದೆ ಮಾತ್ರ. ಅವರಿಗದು ಗೊತ್ತಿಲ್ಲವೆಂಬುದು ಶಿಷ್ಯರ ನಂಬಿಕೆ.

ಅವರು ಸೇವೆಗೆ ಸೇರಿದಾಗ ಬಸುರಿಯರು ಸಾಲಾಗಿ ನಿಲ್ಲಬೇಕಿತ್ತು. ರಕ್ತಪರೀಕ್ಷೆಯ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು; ಏರಿದ್ದರೆ ಬೈಗುಳ, ಇಳಿದಿದ್ದರೆ ಶಹಬ್ಬಾಸ್‌ಗಿರಿ.

ಆ ಸಾಲಿನಲ್ಲಿ ಒಬ್ಬಳು ದರ್ಜಿ ನಿಲ್ಲುತ್ತಿದ್ದಳು. ಏಳು ತಿಂಗಳ ಬಸುರಿ. ಹಿಂದಿನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಈ ಸಲ ಅವಳ ಅಂಕಿಗಳು ಎಷ್ಟು ಸರಿಯಾಗಿದ್ದವೆಂದರೆ ಉಳಿದವರಿಗೆ ಅವಳನ್ನೇ ಮಾದರಿಯಾಗಿ ತೋರಿಸುತ್ತಿದ್ದರು. ದೊಡ್ಡಮ್ಮನ ಕಣ್ಣಿಗೆ ಬಿದ್ದದ್ದು ಬೇರೆ. ಹೊಟ್ಟೆ ಬೆಳೆಯುವ ಹೊತ್ತಿನಲ್ಲಿ ಅವಳು ತನ್ನ ಅಂಗಿಯ ತೋಳು, ಹೆಗಲುಗಳನ್ನು ಹಿಡಿದು ಚಿಕ್ಕದು ಮಾಡಿ ಹೊಲಿದುಕೊಂಡಿದ್ದಳು. ಹೊಸ ದಾರ ಎದ್ದು ಕಾಣುತ್ತಿತ್ತು. ಅವರು ಬಾಗಿಲು ಮುಂದೆ ಮಾಡಿ, ಅವಳನ್ನು ಕೂರಿಸಿ, ಊಟದ ಮಾತೆತ್ತಿದರು. ಅವಳು ತೋಳಿನ ಹೊಲಿಗೆಯನ್ನು ಅಂಗೈಯಿಂದ ಮುಚ್ಚಿಕೊಂಡು ಹೇಳಿದಳು:

“ತುತ್ತು ಬಾಯಿಗಿಟ್ರೆ ಮಗುಗೆ ವಿಷ ಹಾಕಿದ ಹಾಗೆ ಅನ್ಸುತ್ತೆ. ಬಾಯಿ ಕಟ್ಟಿದ್ರೆ ಹೋದ ಸಲದ್ದು ಉಳೀತಿತ್ತು ಅಂತ ಇಲ್ಲೇ ಹೇಳಿದ್ರಲ್ಲ.”

ದೊಡ್ಡಮ್ಮ ಅವಳ ಕೈ ಹಿಡಿದು, “ಕಾಯಿಲೆ ಬಂದಿದ್ದು ನಿಮ್ಮ ತಪ್ಪಲ್ಲ, ಮಗು ಹೋಗಿದ್ದೂ ನಿಮ್ಮ ತಪ್ಪಲ್ಲ. ಹಾಗೆ ಅಂದಿದ್ದು ಆಸ್ಪತ್ರೆ ತಪ್ಪು,” ಎಂದರು.

ಅಂದೇ ಅವಳನ್ನು ದಾಖಲಿಸಿಕೊಂಡು ಊಟಕ್ಕೆ ಹಚ್ಚಿದರು, ಉಂಡಾಗ ಏರುವ ಸಕ್ಕರೆಗೆ ಕೊಡುವ ಇನ್ಸುಲಿನ್ ಶಿಕ್ಷೆಯಲ್ಲ, ಆಸರೆ ಎಂದು ಅವಳಿಗೂ ಗಂಡನಿಗೂ ತಿಳಿಹೇಳಿದರು, ಆಪ್ತಸಮಾಲೋಚಕಿಯನ್ನು ಕರೆಸಿದರು. ಇದು ಸಕ್ಕರೆಯ ವಿಭಾಗವೇ ಹೊರತು ಸಮಾಧಾನದ ವಿಭಾಗವಲ್ಲವೆಂದು ಮುಖ್ಯಸ್ಥರು ಸಿಡುಕಿದಾಗ ಅವರು ದನಿಯೇರಿಸಲಿಲ್ಲ. “ಭಯಕ್ಕೂ ಸಕ್ಕರೆ ಏರುತ್ತೆ ಸಾರ್. ಎರಡಕ್ಕೂ ಒಂದೇ ವಿಭಾಗ ಸಾಕು,” ಎಂದರಷ್ಟೆ. ಕೂಗುವ ಪದ್ಧತಿ ಅಲ್ಲಿಗೆ ನಿಂತಿತು. ಸಾಲಿನ ಜಾಗಕ್ಕೆ ಕುರ್ಚಿಗಳು ಬಂದವು.

ದಿನ ತುಂಬುವ ಮುಂಚೆಯೇ ಹೆಣ್ಣುಮಗು ಹುಟ್ಟಿ, ಗಂಡಾಂತರ ದಾಟಿ ಮನೆ ಸೇರಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ತಾಯಿ ಮಾತ್ರ ಮಗುವನ್ನು ಮುಟ್ಟಲೊಲ್ಲಳು. ತನ್ನ ಕೈ ಸೋಕಿದರೆ ಇದೂ ಉಳಿಯದೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಹೆರಿಗೆಯೊಂದಿಗೆ ವೈದ್ಯರ ಹೊಣೆ ಮುಗಿಯಿತೆಂದು ಯಾರಾದರೂ ಕೈತೊಳೆದುಕೊಳ್ಳಬಹುದಿತ್ತು. ದೊಡ್ಡಮ್ಮ ಮನೋವೈದ್ಯರನ್ನು ಗೊತ್ತುಮಾಡಿ, ದರ್ಜಿಯ ಅಕ್ಕನನ್ನು ಜೊತೆಗಿರಲು ಒಪ್ಪಿಸಿ, ಸಂಜೆ ತಮ್ಮ ಮನೆಗೆ ಹೋಗುವ ದಾರಿಯಲ್ಲಿ ಅವಳ ಮಂಚದ ಬಳಿ ಕುಳಿತೆದ್ದು ಬರುತ್ತಿದ್ದರು. ಉಪದೇಶವಿಲ್ಲ, ಪ್ರಶ್ನೆಯಿಲ್ಲ. ಕೆಲವು ವಾರಗಳ ಔಷಧ, ಆರೈಕೆಗಳ ನಂತರ ಒಂದು ಸಂಜೆ ಅವರು ಹೋದಾಗ ಮಗು ತಾಯಿಯ ಮಡಿಲಲ್ಲಿ ಹಾಲು ಕುಡಿಯುತ್ತಿತ್ತು. ದರ್ಜಿ ತಲೆಯೆತ್ತದೆ ಒಳಗಿದ್ದವಳಿಗೆ ಹೇಳಿದಳು: “ಅಕ್ಕಾ, ನಂಗೂ ಹಸಿವಾಗ್ತಿದೆ.”

ತಮ್ಮ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಗೌರವ ಸಂದಿಲ್ಲವೆಂದು ಅವರು ಶಿಷ್ಯರಿಗೆ ಒಮ್ಮೆ ಹೇಳಿದ್ದುಂಟು. ನಿವೃತ್ತಿಯ ನಂತರವೂ ಬಾಣಂತಿಯರನ್ನು ಕಾಣಲು ಅವರು ಬರುವವರಿದ್ದಾರೆ. ಆಯುರಾರೋಗ್ಯಗಳು ಅವರ ಜೊತೆಗಿರಲಿ. ಮಗು ಹೇಗಿದೆಯೆಂದು ಊರೆಲ್ಲ ವಿಚಾರಿಸುವ ಮನೆಗಳಲ್ಲಿ, ತಾಯಿ ಹೇಗಿದ್ದಾಳೆಂದು ಕೇಳುವ ಆ ಮೆಲುದನಿ ಬಹುಕಾಲ ಬಾಳಲಿ.