ಅಂಬಾಬಾಯಿಯ ನಗು ಮತ್ತು ಹಗುರ ಪುಡಿ

ಅಂಬಾಬಾಯಿಗೆ ನಗು ಬಂದರೆ ಮೊದಲು ಭುಜ ಕುಣಿಯುತ್ತಿತ್ತು, ಆಮೇಲೆ ಕೈ, ಕೊನೆಗೆ ದನಿ. ಅವಳ ಅಪ್ಪ ಕಲಬುರಗಿ ಕಡೆಯಿಂದ ಪುಣೆಗೆ ಗಾರೆ ಕೆಲಸಕ್ಕೆ ಬಂದವನು. ಅಲ್ಲಿನ ಬಿಬವೇವಾಡಿಯ ಅವರ ಒಂದೇ ಕೋಣೆಯಲ್ಲಿ ಇವಳು ನಕ್ಕರೆ ಪಕ್ಕದ ಮನೆಯವರು ಕಾರಣ ಕೇಳದೆ ನಗುತ್ತಿದ್ದರು. ಡಿಪ್ಲೊಮಾ ಮುಗಿಸಿ, ಎರಡು ಸಾವಿರದ ನಾಲ್ಕರಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸ ಹಿಡಿದಳು. ಅಲ್ಲಿ ಮಾತ್ರ ನಗು ನಷ್ಟದ ಬಾಬ್ತು.

ಗಾಜಿನ ಕೊಳವೆಯೊಳಗೆ ಸಿಲಿಕಾನ್ ಇರುವ ಅನಿಲ ಹರಿಸಿ, ಹೊರಗೆ ಸುತ್ತಿದ ತಾಮ್ರದ ತಂತಿಗೆ ವಿದ್ಯುತ್ ಕೊಡುತ್ತಿದ್ದರು. ಒಳಗೆ ಆ ಅನಿಲ ಪ್ಲಾಸ್ಮಾ ಆಗಿ ನೇರಳೆ ಬಣ್ಣದಲ್ಲಿ ಬೆಳಗುತ್ತಿತ್ತು, ಸಂಜೆಯ ಒಂದು ತುಂಡು ಮುಗಿಲು ಕೊಳವೆಗೆ ಬಂದು ಕೂತಂತೆ. ಆ ಬೆಳಕಿನಲ್ಲಿ ಅನಿಲ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ಕಣಗಳಾಗಿ ಕೆಳಗಿನ ಜಾಲರಿಗೆ ಇಳಿಯುತ್ತಿತ್ತು. ದಿನವಿಡೀ ದುಡಿದರೆ ಒಂದು ಚಿಟಿಕೆ ಕಂದು ಪುಡಿ, ಕೈ ಕುಣಿದರೂ ಹಾರಿಹೋಗುವಷ್ಟು ಹಗುರ. ಕಣಗಳ ಗಾತ್ರ ಸರಿಯಿದ್ದರೆ ಅದು ಅತಿನೇರಳೆ ದೀಪದ ಕೆಳಗೆ ಕಿತ್ತಳೆಯಾಗಿ ಹೊಳೆಯಬೇಕು. ಈವರೆಗೆ ಹೊಳೆದಿರಲಿಲ್ಲ.

ಹೊಸ ಪುಡಿ ನೋಡಲು, ಈ ಯೋಜನೆಗೆ ಹಣ ಕೊಡುವ ಸೌರಫಲಕದ ಕಂಪನಿಯಿಂದ ಮಧುಕರರಾವ್ ಬಂದರು. ಹೊಳೆದರೆ ಯೋಜನೆ ಉಳಿಯುತ್ತದೆ, ಅಂಬಾಬಾಯಿಯ ಕೆಲಸವೂ. ಇಲ್ಲದಿದ್ದರೆ ಈ ತಿಂಗಳಿಗೆ ಎರಡೂ ಮುಗಿದವು.

ಎಲ್ಲರೂ ಮಾಸ್ಕು, ಕನ್ನಡಕ ಹಾಕಿಕೊಂಡರು. ಪ್ರಯೋಗಾಲಯದ ಮುಖ್ಯಸ್ಥರಾದ ವಿಜಾಪುರದ ಮಾರ್ತಾಂಡ ಸರ್ ಮುಖದಲ್ಲಿ ದಪ್ಪ ಹುಬ್ಬುಗಳಷ್ಟೇ ಹೊರಗಿದ್ದವು. ಅಂಬಾಬಾಯಿ ಪುಡಿಯನ್ನು ಕಾಗದದ ಮೇಲೆ ಎತ್ತಿಕೊಂಡಳು.

"ಇವತ್ತೊಂದಿನ ನಗಬ್ಯಾಡವ್ವಾ," ಎಂದರು ಸರ್. ಮಾಸ್ಕಿನೊಳಗಿನ ಆ ದನಿ, ಕೊಡದೊಳಗಿಂದ ಕಪ್ಪೆ ಬುದ್ಧಿ ಹೇಳಿದಂತೆ ಕೇಳಿಸಿತು.

"ನಗಂಗಿಲ್ರಿ ಸರ್."

"ಮತ್ತ ಭುಜ ಯಾಕ ಕುಣ್ಯಾಕತ್ತಾವ?"

ಅಷ್ಟು ಸಾಕಾಯಿತು. ಕಾಗದ ಅದುರಿತು. ಪುಡಿ ಮೇಲೆದ್ದು, ಅವಸರವೇ ಇಲ್ಲದೆ ತೇಲಿ, ಎಲ್ಲೆಲ್ಲೋ ಇಳಿದು ಕಾಣದಾಯಿತು. ಅಂಬಾಬಾಯಿಯ ನಗು ದನಿಗೆ ಬರುವ ಮೊದಲೇ ನಿಂತಿತು.

"ಹೋತು," ಎಂದರು ಸರ್.

"ಕಾಗದಕ್ಕ ಚೂರು ಹತ್ತಿರ್ತದ್ರಿ. ದೀಪ ಹಚ್ಚೇ ಬಿಡೂಣ್ರಿ," ಎಂದು ಅವಳು ಕೋಣೆ ಕತ್ತಲಾಗಿಸಿ ಅತಿನೇರಳೆ ದೀಪ ಹಚ್ಚಿದಳು. ಕಾಗದದ ಮೇಲೆ ಕಿತ್ತಳೆಯ ಸುಳಿವೇ ಇರಲಿಲ್ಲ.

"ಅರೇ, ಹೇ ಬಘಾ!" ಇದನ್ನು ನೋಡಿ ಎಂದು ಮರಾಠಿಯಲ್ಲಿ ಕೂಗಿ ಮಧುಕರರಾವ್ ಬೆರಳು ತೋರಿಸಿದರು.

ಕತ್ತಲಲ್ಲಿ ಎರಡು ಕಿತ್ತಳೆ ಹುಬ್ಬುಗಳು ತೇಲುತ್ತಿದ್ದವು.

"ಹೊಳದದ್ರಿ ಸರ್!"

"ಎಲ್ಲಿ? ನನಗ ಕಾಣವಲ್ದಲ್ಲ!"

"ನಿಮ್ಮ ಹುಬ್ಬಿನ್ಯಾಗ್ರಿ!"

ಸರ್ ಗಾಬರಿಯಿಂದ ಒರೆಸಿಕೊಳ್ಳಲು ಕೈ ಎತ್ತಿದರು.

"ಮುಟ್ಟಬ್ಯಾಡ್ರಿ! ಸ್ಯಾಂಪಲ್ ಅದ ರೀ ಅದು!"

ಮಧುಕರರಾವ್ ಗೋಡೆ ಹಿಡಿದು ನಕ್ಕರು. ಸುಧಾರಿಸಿಕೊಂಡು, ಯೋಜನೆ ಇನ್ನೊಂದು ವರ್ಷ ನಡೆಯಲಿ ಎಂದು ಮರಾಠಿಯಲ್ಲಿ ಹೇಳಿದರು.

ಹುಬ್ಬಿನ ಪುಡಿ ಇಳಿಸಿಕೊಳ್ಳಲು ಅಂಬಾಬಾಯಿ ಮೆತ್ತನೆಯ ಕುಂಚ ತಂದು ಸರ್ ಎದುರು ನಿಂತಳು.

"ನಾಳೆ ಲಗೂನ ಬಾರವ್ವಾ," ಎಂದರು ಅವರು, ಕಣ್ಣು ಮುಚ್ಚಿ ಮುಖ ಒಡ್ಡುತ್ತ.