ಪಕ್ಕದವರಿಗೂ ತೆರೆದ ಬಾಗಿಲು

ಮೊನ್ನೆ ಆಫೀಸಿನ ಹೊಸ ಕಂಪ್ಯೂಟರಿನಲ್ಲಿ, ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಪ್ರೋಗ್ರಾಮು ತೆರೆದೆ. ಫಾರ್ವರ್ಡಿಂಗ್ ಪುಟದಲ್ಲಿ ಟಿಕ್ ಹಾಕುವ ಅದೇ ಪುಟ್ಟ ಚೌಕ: ಅಕ್ಕಪಕ್ಕದ ಕಂಪ್ಯೂಟರುಗಳನ್ನೂ ಒಳಗೆ ಬಿಡಲೇ? ಮೈಯೆಲ್ಲ ಉರಿಯಿತು. ಚೌಕದ ಮೇಲೆ ಸಿಟ್ಟಾಗುವವರನ್ನು ನೀವು ಕಂಡಿರಲಾರಿರಿ, ನಾನೊಬ್ಬನಿದ್ದೇನೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಶಿವಮೊಗ್ಗದ ಒಂದು ರಕ್ತಪರೀಕ್ಷೆ ಲ್ಯಾಬಿಗೆ ಭದ್ರಾವತಿಯ ನ್ಯೂ ಟೌನಿನಲ್ಲಿ ಶಾಖೆ. ಆ ಶಾಖೆಯ ಕಂಪ್ಯೂಟರು ನನ್ನ ಪಾಲು. ರಿಪೋರ್ಟುಗಳೆಲ್ಲ ಶಿವಮೊಗ್ಗದಲ್ಲಿ. ಟೆಲಿಫೋನ್ ತಂತಿಯೊಳಗೇ ಯಾರೂ ಇಣುಕಲಾಗದ ಸುರಂಗ ಹಾಕಿ, ಅವು ನನ್ನ ಕಂಪ್ಯೂಟರಿನಲ್ಲಿ ಮಾತ್ರ ಕಾಣುವಂತೆ ಮಾಡಿದ್ದೆ. ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುವ ಜಾತಿ ನನ್ನದು. ಆ ಚೌಕವನ್ನು ಮುಟ್ಟಿರಲಿಲ್ಲ.

ಅಷ್ಟರಲ್ಲಿ ನಮ್ಮ ಪ್ರಿಂಟರ್ ಕೆಟ್ಟಿತು. ಪಕ್ಕದ ಬ್ರೌಸಿಂಗ್ ಸೆಂಟರ್ ನಮ್ಮ ಲ್ಯಾಬ್ ಮಾಲೀಕರ ಭಾವಮೈದುನನದು, ಇಬ್ಬರಿಗೂ ಒಂದೇ ಕೇಬಲ್ಲು. ಪ್ರಿಂಟು ಅಲ್ಲೇ ತೆಗೆಯಲಿ ಎಂದು ಮಾಲೀಕರು ತಾವೇ ಬಂದು ಕೂತು ಆ ಚೌಕಕ್ಕೆ ಟಿಕ್ ಒತ್ತಿದರು.

"ಸಾರ್, ಅಲ್ಲಿ ಕೂತೋರೆಲ್ಲ ರಿಪೋರ್ಟ್ ಓದ್ತಾರೆ."

"ಪಕ್ಕದ್ಮನೆ ಫೋನ್ ನಂಬರ್ ಕೊಟ್ಟು ಮುಂದೆ ಪಿಪಿ ಅಂತ ಬರೀತಿರ್ಲಿಲ್ವಾ? ಯಾರು ಸತ್ರು ಮಾರಾಯ?"

ಯಾರೂ ಸಾಯಲಿಲ್ಲ, ನಿಜ. ಕಾಗದನಗರದ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಹುಟ್ಟು, ಮದುವೆ, ಪಾಸು, ಫೇಲು ಎಲ್ಲವನ್ನೂ ಫೋನಿದ್ದ ಮನೆಯವರು ನಮಗಿಂತ ಮೊದಲೇ ಸವಿದಿರುತ್ತಿದ್ದರು. ನಮಗೆ ಬರುತ್ತಿದ್ದದ್ದು ಎಂಜಲು.

ಒಂದು ಸಂಜೆ ಆ ಭಾವಮೈದುನ ಬಾಗಿಲಲ್ಲೇ ಹಿಡಿದ. "ಸ್ವೀಟ್ ಎಲ್ಲಿ ಸಾರ್? ಪ್ರಿಂಟ್ ತೆಗೀವಾಗ ನಿಮ್ಮನೆಯವ್ರ ಹೆಸ್ರು ಕಾಣ್ತು. ತಂದೆ ಆಗ್ತಿದ್ದೀರಿ, ಬಾಯೇ ಬಿಡ್ಲಿಲ್ವಲ್ರೀ!"

ಎಷ್ಟೋ ವರ್ಷ ಕಾದಿದ್ದ ಸುದ್ದಿ. ತಾನೇ ಹೇಳುವ ಮೊದಲು ನನಗೆ ತಿಳಿಯದಿರಲೆಂದು ನನ್ನ ಹೆಂಡತಿ ನಮ್ಮ ಶಾಖೆ ಬಿಟ್ಟು, ಬಸ್ಸು ಹತ್ತಿ ಶಿವಮೊಗ್ಗದಲ್ಲೇ ಪರೀಕ್ಷೆ ಮಾಡಿಸಿದ್ದಳು.

ಮಾಲೀಕರಿಗೆ ಫೋನು ಮಾಡಿ ಕೂಗಾಡಿದೆ. "ಒಳ್ಳೆ ಸುದ್ದಿ ತಾನೇ? ನಷ್ಟ ಏನಾಯ್ತು?" ಎಂದು ನಕ್ಕರು. ಟಿಕ್ ತೆಗೆದೆ, ಕೆಲಸವನ್ನೂ ಬಿಟ್ಟೆ. ಮಗು ಬರುವ ಹೊತ್ತಿಗೆ ಸಂಬಳ ಬಿಡುವ ಜಾಣತನ ನನಗಷ್ಟೇ ಸಾಧ್ಯ. ದಾರಿಯುದ್ದಕ್ಕೂ ಬೈಯುತ್ತಾ ಬಂದವನು ಮನೆ ಬಾಗಿಲಲ್ಲಿ ಏನೂ ಅರಿಯದವನ ಮುಖ ಹಾಕಿಕೊಂಡೆ. "ಗೊತ್ತಾಯ್ತಾ?" ಅಂದಳು. ಅಷ್ಟೇ.

ಮೊನ್ನೆ ಮನೆಗೆ ಬಂದವನೇ ಕೇಳಿದೆ. "ಅವತ್ತು ಹೇಗೆ ಹೇಳ್ಬೇಕು ಅಂತಿದ್ದೆ?"

"ಈಗ್ಯಾಕ್ರೀ ಅದು?" ಎಂದು ಸೊಪ್ಪು ಬಿಡಿಸುತ್ತಾ ಕೂತಳು. ಆಮೇಲೆ, "ಹೇಳೋದೇನು ಬಂತು. ನಮ್ಮಿಬ್ರ ಊಟಕ್ಕೆ ಮೂರು ತಟ್ಟೆ ಇಟ್ಟಿದ್ದೆ. ನಿಮ್ಮ ಮುಖ ನೋಡ್ದೆ, ಒಂದನ್ನ ಎತ್ತಿಟ್ಬಿಟ್ಟೆ" ಅಂದಳು.

ನಷ್ಟವೇನೆಂದು ಕೇಳಿದ್ದರಲ್ಲ ಮಾಲೀಕರು? ಆ ತಟ್ಟೆ.