ಬಿಳಿ ಗುಡ್ಡದ ಮೂರನೇ ತಿರುವು

ಸೈಕಲ್ ಓಡಿಸಿ ಬಂದ ದಿನ ನನ್ನ ಸಾಕ್ಸುಗಳನ್ನು ನೇರವಾಗಿ ಮೆಷಿನ್ನಿಗೆ ಹಾಕುವಂತಿಲ್ಲ. ಮೊದಲು ಗ್ಯಾರೇಜಿನ ಸಿಂಕಿನಲ್ಲಿ ಕೈಯಿಂದಲೇ ಹಿಂಡಬೇಕು, ಇಲ್ಲದಿದ್ದರೆ ಬಿಳಿ ಮಣ್ಣು ಮನೆಯವರೆಲ್ಲರ ಬಟ್ಟೆಗೂ ಹತ್ತುತ್ತದೆ. ಇವತ್ತು ಬೆಳಿಗ್ಗೆ ಹಿಂಡುವಾಗ ಸಿಂಕಿನಿಂದ ಎದ್ದ ವಾಸನೆ ನಿಮಗೂ ಗೊತ್ತಿರುವಂಥದ್ದೇ. ಶಾಲೆಯ ಕಪ್ಪುಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬರುತ್ತಿತ್ತಲ್ಲ, ಅದು. ಆ ವಾಸನೆಗೆ ನನಗೆ ಶಾಲೆ ನೆನಪಾಗುವುದಿಲ್ಲ. ನಮ್ಮತ್ತೆ ನೆನಪಾಗುತ್ತಾರೆ.

ಆ ಮಣ್ಣು ಬರುವುದು ಸಮುದ್ರದ ಪಕ್ಕದ ಗುಡ್ಡಗಳಿಂದ. ನಾವಿರುವ ನಾರ್ತ್ ಕ್ರೀಕ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಒಂದರ ಬೆನ್ನಿಗೊಂದು ಏರಿ ಇಳಿಯುವ ದಿಬ್ಬಗಳು, ಅವುಗಳ ಮೇಲೆ ಮೌಂಟನ್ ಬೈಕಿನವರಿಗೆಂದೇ ಕಡಿದ ಕಿರುದಾರಿಗಳು. ಹಿಮನದಿಗಳು ಬಿಟ್ಟುಹೋದ ಜೇಡಿಮಣ್ಣು ಎಂದು ಅಲ್ಲಿಯ ಫಲಕದಲ್ಲಿ ಬರೆದಿದೆ. ಒಣಗಿದ್ದರೆ ಪುಡಿ, ನೆನೆದರೆ ಸೋಪು. ಅತ್ತೆ ಫಲಕವನ್ನು ಪೂರ್ತಿ ಓದಿ, ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಸೀಮೆಸುಣ್ಣದ ಗುಡ್ಡ ಎಂದು ಹೆಸರಿಟ್ಟರು. ನಂಜನಗೂಡಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವರು. ಅವರು ಇಟ್ಟ ಹೆಸರನ್ನು ಬದಲಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅವರು ಊರಿನಿಂದ ಈ ದೇಶಕ್ಕೆ, ನಮ್ಮ ಮನೆಗೆ, ಆರು ತಿಂಗಳಿಗೆಂದು ಬಂದ ವರ್ಷ ಅವರಿಗೆ ಅರವತ್ತನಾಲ್ಕು. ಮೊದಲ ವಾರ ಅಡುಗೆಮನೆ ಜೋಡಿಸಿದರು, ಎರಡನೇ ವಾರ ಅದನ್ನೇ ಇನ್ನೊಂದು ಥರ ಜೋಡಿಸಿದರು, ಮೂರನೇ ವಾರ ಗ್ಯಾರೇಜಿಗೆ ಇಳಿದರು. ಅಲ್ಲಿ ಎರಡು ಮೌಂಟನ್ ಬೈಕುಗಳು ಗೋಡೆಗೆ ನೇತುಬಿದ್ದಿದ್ದವು, ಒಂದು ನನ್ನದು, ಒಂದು ನನ್ನ ಗಂಡ ಶ್ರೀಧರನದು. ಬೆಲ್ವ್ಯೂನಲ್ಲಿರುವ ತನ್ನ ಆಫೀಸಿನಲ್ಲಿ ಎಲ್ಲರೂ ಕೊಂಡರೆಂದು ಶ್ರೀಧರ ಕೊಂಡಿದ್ದ, ಅವನು ಕೊಂಡನೆಂದು ನಾನೂ ಕೊಂಡಿದ್ದೆ. ಎರಡು ಸಲ ಓಡಿಸಿದ್ದೆವು. ಆಮೇಲೆ ನನ್ನ ಬಳಿ ಒಂದಲ್ಲ ಒಂದು ಕಾರಣ ಇದ್ದೇ ಇರುತ್ತಿತ್ತು: ಮಳೆ, ಮೊಣಕಾಲು, ಮಗಳ ಈಜು ಕ್ಲಾಸು. ಕಾರಣ ಹುಡುಕುವುದರಲ್ಲಿ ನನ್ನಷ್ಟು ಚುರುಕಿನವರನ್ನು ನೀವು ಕಂಡಿರಲಾರಿರಿ.

ಅತ್ತೆ ನನ್ನ ಸೈಕಲ್ಲನ್ನು ಇಳಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಇಷ್ಟೆಲ್ಲ ಕಿತ್ತುಕೊಂಡು ಮಾರಿದ್ದಾರಲ್ಲ ಎಂದು ನನ್ನ ಪರವಾಗಿ ಬೇಜಾರು ಮಾಡಿಕೊಂಡರು. ಆಮೇಲೆ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹತ್ತಿ, ಬೀದಿಯ ತುದಿಯವರೆಗೆ ಹೋಗಿಬಂದರು. ದಿನಾ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದವರು ಎಂದು ಕೇಳಿದ್ದೆ. ಕೇಳುವುದು ಬೇರೆ, ನೋಡುವುದು ಬೇರೆ. ಮಗಳು ಬಾಗಿಲಲ್ಲಿ ನಿಂತು, "ಅಜ್ಜಿ, ದಟ್ ವಾಸ್ ಆಸಮ್," ಎಂದಳು. ಅತ್ತೆಗೆ ಅರ್ಥವಾಗಿತ್ತು, ಆದರೂ ಕನ್ನಡದಲ್ಲಿ ಇನ್ನೊಂದು ಸಲ ಹೇಳಿಸಿದರು.

ನಾವಿಬ್ಬರೂ ಮೊದಲು ಹೋದದ್ದು ತೊರೆಯ ಪಕ್ಕದ ಸಮತಟ್ಟು ದಾರಿಗೆ. ಆಮೇಲೆ ಡುವಾಲ್ ಕಡೆಯ ಕಾಡಿನ ದಾರಿ, ಅಲ್ಲಿ ಬೇರುಗಳ ಮೇಲೆ ಕುಣಿಯುತ್ತ ಇಳಿಯುವುದನ್ನು ಕಲಿತೆವು. ಕಲಿತೆವು ಎನ್ನುವುದು ಮರ್ಯಾದೆಗೆ. ಕಲಿತವರು ಅವರು. ನಾನು ಗಂಡನ ದೊಡ್ಡ ಸೈಕಲ್ಲನ್ನು ಬಹುಪಾಲು ತಳ್ಳಿಕೊಂಡೇ ಹಿಂದೆ ಬರುತ್ತಿದ್ದೆ. ಹೆಲ್ಮೆಟ್ಟು ತುರುಬಿನ ಮೇಲೆ ಕೂರದಿದ್ದಾಗ ಅತ್ತೆ ತುರುಬು ಬಿಟ್ಟು ಜಡೆ ಹಾಕಿಕೊಂಡರು. ಜಡೆಯ ಅತ್ತೆಯನ್ನು ನೋಡಿ ಇಲ್ಲಿಯ ಕನ್ನಡದವರ ಊಟವೊಂದರಲ್ಲಿ ಯಾರೋ ಹುಬ್ಬೇರಿಸಿದರು. ನಾನು ತಕ್ಷಣ ವಿವರಣೆಗೆ ಇಳಿದೆ: ಸೈಕಲ್ ಹೊಡೆದರೆ ಶುಗರ್‌ಗೆ ಒಳ್ಳೆಯದಂತೆ, ಡಾಕ್ಟರೇ ಹೇಳಿದ್ದಾರೆ. ಕಾರಿನಲ್ಲಿ ಅತ್ತೆ, ತಮಗೆ ಶುಗರ್ ಯಾವಾಗ ಬಂತು ಎಂದು ಕೇಳಿದರು. ನಾನು ರೇಡಿಯೊ ಹಾಕಿದೆ.

ಸೀಮೆಸುಣ್ಣದ ಗುಡ್ಡಕ್ಕೆ ಜುಲೈನಲ್ಲಿ ಹೋದೆವು. ಶ್ರೀಧರನಿಗೆ ವಾಕಿಂಗ್ ಎಂದು ಹೇಳಿದ್ದೆ. ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ವಾಕಿಂಗ್ ಹೋಗುವವರನ್ನು ಅವನು ಎಲ್ಲೂ ನೋಡಿರಲಿಕ್ಕಿಲ್ಲ, ಅವನಾಗ ಆಫೀಸಿನಲ್ಲಿದ್ದನೆಂಬುದೇ ನನ್ನ ಪುಣ್ಯ. ಹಿಂದಿನ ದಿನ ಹನಿ ಬಿದ್ದಿತ್ತು. ದಾರಿಯ ಮೂರನೇ ತಿರುವು ಇಳಿಜಾರಿನಲ್ಲೇ ಬಲಕ್ಕೆ ಮಡಚಿಕೊಳ್ಳುತ್ತದೆ, ಎದುರಿಗೆ ಇದ್ದಕ್ಕಿದ್ದಂತೆ ಸಮುದ್ರ. ಅತ್ತೆ ಸಮುದ್ರ ನೋಡಿದರೋ ಏನೋ, ಮುಂದಿನ ಚಕ್ರ ಸರ್ರನೆ ಜಾರಿತು. ನಾನು ಓಡಿಹೋಗುವಷ್ಟರಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿಯಾಗಿ ಕೂತಿದ್ದರು. ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು, ಮುರಿದಿದೆ, ಅವಸರ ಮಾಡಬೇಡ ಎಂದರು. ಅಷ್ಟು ವರ್ಷ ಮಕ್ಕಳು ಆಟದ ಮೈದಾನದಲ್ಲಿ ಬೀಳುವುದನ್ನು ನೋಡಿದವರಿಗೆ ಎಕ್ಸ್‌ರೇ ಬೇಕಿರಲಿಲ್ಲ.

ಆಸ್ಪತ್ರೆಗೆ ಬಂದ ಶ್ರೀಧರ ತಾಯಿಯನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದ. ಮನೆಯಲ್ಲಿ ಮಾತಾಡಿದ್ದು ನನ್ನ ಜೊತೆ ಮಾತ್ರ. ನನ್ನ ತಾಯಿಯನ್ನು ಕೊಲ್ಲಬೇಕೆಂದಿದ್ದೀಯಾ ಎಂದ. ಸುಳ್ಳು ಹೇಳಿದವಳು ನಾನು, ಆದ್ದರಿಂದ ತಲೆ ತಗ್ಗಿಸಿ ಕೇಳಿಸಿಕೊಂಡೆ. ಸೋಫಾದಿಂದ ಅತ್ತೆ ಹೇಳಿದರು: "ಶ್ರೀ, ಬಿದ್ದಿದ್ದು ನಾನು. ಬೈಯೋದಿದ್ರೆ ನನ್ನನ್ನ ಬೈ."

ಅವನು ತಾಯಿಯನ್ನು ಬೈಯಲಿಲ್ಲ. ಎರಡೂ ಸೈಕಲ್ಲುಗಳನ್ನು ಸೇರಿಸಿ ಒಂದು ಚೈನು ಬಿಗಿದು ಬೀಗ ಹಾಕಿದ.

ಆರು ವಾರ ಕೈಗೆ ಪಟ್ಟಿ. ನೋಡಲು ಬಂದವರೆಲ್ಲ ಒಂದೇ ಪಾಠ ಒಪ್ಪಿಸಿದರು: ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ. ಅತ್ತೆ ಅವರಿಗೆ ಕಾಫಿ ಕೊಡಿಸಿ, ಅವರ ಮಕ್ಕಳ ಓದು ವಿಚಾರಿಸಿ ಕಳಿಸುತ್ತಿದ್ದರು. ಒಬ್ಬರಿಗೂ ಸಮಜಾಯಿಷಿ ಕೊಡಲಿಲ್ಲ. ನಾನು ಪಕ್ಕದಲ್ಲಿ ಕೂತು, ಬಾಯಿತುದಿಗೆ ಬಂದ ಶುಗರ್ ಕತೆಯನ್ನು ಕಾಫಿಯ ಜೊತೆ ನುಂಗಿಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ದಿನಾ ಸ್ಪಂಜಿನ ಚೆಂಡು ಹಿಸುಕಿದರು. ಮೂಳೆ ಕೂಡಿದೆ, ನಿಧಾನವಾಗಿ ಏನು ಬೇಕಾದರೂ ಮಾಡಬಹುದು ಎಂದು ಡಾಕ್ಟರು ಹೇಳಿದ ದಿನ, ಕಾರಿನಲ್ಲಿ ಬೆಲ್ಟು ಹಾಕಿಕೊಳ್ಳುತ್ತ, ಹೊರಡುವ ಮೊದಲು ಇನ್ನೊಂದು ಸಲ ಆ ಗುಡ್ಡಕ್ಕೆ ಹೋಗಬೇಕು ಎಂದರು. ಸೆಪ್ಟೆಂಬರ್ ಮುಗಿಯುತ್ತಿತ್ತು. ಅವರ ವಿಮಾನಕ್ಕೆ ಒಂಬತ್ತು ದಿನ ಉಳಿದಿತ್ತು.

ಈ ಸಲ ವಾಕಿಂಗ್ ಎನ್ನಲು ನನಗೆ ಮನಸ್ಸಾಗಲಿಲ್ಲ. ಮಾರನೆಯ ಬೆಳಿಗ್ಗೆ ಶ್ರೀಧರನ ತಟ್ಟೆಗೆ ದೋಸೆ ಹಾಕಿ, ಹಂಚಿನ ಕಡೆ ತಿರುಗದೆ ಅಲ್ಲೇ ನಿಂತು ಹೇಳಿದೆ: "ಶನಿವಾರ ಅತ್ತೆ ನಾನು ಆ ಗುಡ್ಡಕ್ಕೆ ಹೋಗ್ತಿದ್ದೀವಿ. ಬೀಗದ ಕೈ ಬೇಕು." ಮದುವೆಯಾಗಿ ಹದಿನಾರು ವರ್ಷದಲ್ಲಿ ಕಾರಣ ಸೇರಿಸದೆ ನಾನು ಅವನಿಗೆ ಹೇಳಿದ ಮೊದಲ ಮಾತು ಅದಿರಬೇಕು. ಹಂಚಿನ ಮೇಲಿದ್ದ ದೋಸೆ ಸೀದುಹೋಯಿತು.

ಅವನು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿದ. "ಆಸ್ಪತ್ರೆಯಿಂದ ಫೋನ್ ಬಂದಾಗ ನಂಗೆ ಕುರ್ಚಿಯಿಂದ ಏಳಕ್ಕೇ ಆಗ್ಲಿಲ್ಲ ಅಮ್ಮ," ಎಂದ. ಅವನು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಿಂಗೆ ಹೆದರಿಕೆ ಆಯ್ತು, ಗೊತ್ತು ಕಣೋ. ಅದಕ್ಕೆ ನನ್ನ ಸೈಕಲ್‌ಗೆ ಯಾಕೆ ಬೀಗ ಹಾಕ್ತೀಯ?"

ಕೀ ಮೇಜಿನ ಮೇಲೆ ಬಂತು. ಶನಿವಾರ ಅವನೂ ಕಾರು ಹತ್ತಿದ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಇದ್ದ, ಗುಡ್ಡ ಬಂದಾಗ ನಮಗಿಂತ ಮೊದಲು ಹೋಗಿ ಮೂರನೇ ತಿರುವಿನ ಕೆಳಗೆ, ಗೋಲ್‌ಕೀಪರಿನ ಹಾಗೆ ಕೈ ಅಗಲಿಸಿಕೊಂಡು ನಿಂತ. ಮಣ್ಣು ಒಣಗಿತ್ತು. ಮೊದಲ ತಿರುವನ್ನು ಅತ್ತೆ ಸಲೀಸಾಗಿ ಇಳಿದರು, ಎರಡನೆಯದನ್ನು ಇನ್ನೂ ಚೆನ್ನಾಗಿ. ಮೂರನೆಯದು ಎದುರಾದಾಗ ಬ್ರೇಕು ಹಿಡಿದು ನಿಂತರು. ಕೆಳಗೆ ಮಗ, ಅವನ ಹಿಂದೆ ಸಮುದ್ರ. ತಿರುವನ್ನು ತುಂಬ ಹೊತ್ತು ನೋಡಿದರು. ಎಡಗೈಯನ್ನು ಒಮ್ಮೆ ಮುಷ್ಟಿ ಕಟ್ಟಿ ಬಿಚ್ಚಿದರು. ಆಮೇಲೆ ಸೈಕಲ್ಲಿಂದ ಇಳಿದು, ತಳ್ಳಿಕೊಂಡು ನಡೆದೇ ತಿರುವು ದಾಟಿದರು.

ನನಗೆ ನಿರಾಸೆಯಾಯಿತು, ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ. ಅದು ಮುಖದಲ್ಲಿ ಕಂಡಿರಬೇಕು. ಹತ್ತಿರ ಹೋದಾಗ ಅವರೇ ಹೇಳಿದರು: "ಇವತ್ತು ಕೈ ಬೇಡ ಅಂತು, ಇಳಿದೆ. ಅವನು ಬೇಡ ಅಂದಿದ್ದಕ್ಕಲ್ಲ." ಆಮೇಲೆ ಮತ್ತೆ ಹತ್ತಿ, ಮಗನ ಪಕ್ಕದಿಂದಲೇ ಹಾದು, ಉಳಿದ ದಾರಿಯನ್ನೆಲ್ಲ ಒಂದೇ ಉಸಿರಿನಲ್ಲಿ ಇಳಿದುಹೋದರು. ಶ್ರೀಧರ ಅಗಲಿಸಿದ ಕೈಗಳನ್ನು ಏನು ಮಾಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ.

ಅದಾಗಿ ಐದು ವರ್ಷ. ಅತ್ತೆ ಮೈಸೂರಿನಲ್ಲಿದ್ದಾರೆ, ಈಗ ಬೆಳಿಗ್ಗೆ ಈಜಲು ಹೋಗುತ್ತಾರೆ, ಅದಕ್ಕೂ ಯಾರಿಗೂ ಕಾರಣ ಹೇಳಿಲ್ಲ. ನಾನು ಶನಿವಾರಗಳಂದು ಒಬ್ಬಳೇ ಗುಡ್ಡಕ್ಕೆ ಹೋಗುತ್ತೇನೆ. ಮೂರನೇ ತಿರುವನ್ನು ಕೆಲವು ದಿನ ಇಳಿಯುತ್ತೇನೆ, ಕೆಲವು ದಿನ ನಡೆಯುತ್ತೇನೆ. ಹೋದ ವಾರ ಒಂದು ಗೃಹಪ್ರವೇಶದ ಊಟದಲ್ಲಿ ಹೊಸದಾಗಿ ಪರಿಚಯವಾದವರೊಬ್ಬರು ನನ್ನ ಮೊಣಕೈಯ ತರಚು ಗಾಯ ನೋಡಿ, ಐವತ್ತರ ಹತ್ತಿರ ಬಂದು ಇದೆಲ್ಲ ಯಾಕ್ರೀ ಎಂದು ಕೇಳಿದರು. ಶುಗರ್, ತೂಕ, ಡಾಕ್ಟರು ಮೂವರೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದರು.

"ನಂಗಿಷ್ಟ," ಎಂದೆ.

ಅವರು ಇನ್ನೇನಾದರೂ ಹೇಳುತ್ತೇನೇನೋ ಎಂದು ಕಾದರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.